ಗಂಟೆಯ ನಾಲಗೆ

ಸದಾಶಿವ ಪೇಠ, ಪುಣೆ
ಶ್ರಾವಣ, ೧೯೩೪

ಪೂಜ್ಯ ಗುರುಗಳ ಪಾದಗಳಿಗೆ ಕಾಡಯ್ಯನ ಶರಣು.

ಇಲ್ಲಿನ ಸಿರಿವಂತರ ವಾಡೆಗಳಲ್ಲಿ ಮುಸುರೆ ತಿಕ್ಕುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬೆಳಗಿನ ಪೂಜೆಯೂ ಸಿಗದು, ಸಂಜೆಯದೂ ಸಿಗದು. ಅವರಿಗಾಗಿ ಮಧ್ಯಾಹ್ನ ಎರಡಕ್ಕೆ ಇನ್ನೊಂದು ಪೂಜೆ ಇಟ್ಟಿದ್ದೇನೆ. ಆ ಹೊತ್ತಿನಲ್ಲಿ ಗುಡಿಯ ಬಾಗಿಲು ತೆರೆಯಬಾರದೆಂದು ನೀವೇ ಕಲಿಸಿದ್ದಿರಿ, ಕ್ಷಮಿಸಬೇಕು. ಆದರೆ ನಾನು ಕೇಳಬೇಕಾದದ್ದು ಬೇರೆ.

ಹತ್ತು ಹನ್ನೆರಡು ಜನ ಬರುತ್ತಾರೆ. ನಾನು ಅಭಿಷೇಕ ಮುಗಿಸಿ ತಿರುಗುವಷ್ಟರಲ್ಲಿ ಎಲ್ಲರೂ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಾರೆ. ಎಬ್ಬಿಸಬೇಕೋ ಬಿಡಬೇಕೋ ತಿಳಿಯದು. ಮೊದಲ ದಿನ ಮಂಗಳಾರತಿಗೆ ಗಂಟೆ ಬಾರಿಸಿದೆ. ರುದ್ರವ್ವ ಎಂಬಾಕೆ ದಡಬಡಿಸಿ ಎದ್ದು, ಒಡತಿಯೇ ಕರೆದಳೆಂದು ತಿಳಿದು, "ಆಲೇ ಬಾಯಿ", ಬಂದೆನಮ್ಮಾ, ಎಂದು ಮರಾಠಿಯಲ್ಲಿ ಓಗೊಟ್ಟಳು.

ಅಂದಿನಿಂದ ಗಂಟೆಯ ನಾಲಗೆಗೆ ಅರಿವೆ ಸುತ್ತಿದ್ದೇನೆ. ಸದ್ದಿಲ್ಲದ ಆರತಿ ದೇವರಿಗೆ ಸಲ್ಲುತ್ತದೆಯೇ?

ನಿನ್ನೆ ಆರತಿ ಮುಗಿದ ಮೇಲೆ ರುದ್ರವ್ವ ಅರೆಗಣ್ಣು ತೆರೆದು, "ಪೂಜಿ ಆತೇನ್ರಿ, ಅಯ್ಯಾರ?" ಅಂದಳು.

"ಇನ್ನೂ ಇಲ್ಲವ್ವ, ಮಲಕೋ" ಅಂದೆ. ಲಿಂಗದ ಎದುರಿಗೇ ಅಂದೆ.

ಇದಕ್ಕೆ ಪ್ರಾಯಶ್ಚಿತ್ತ ಏನೆಂದು ಬರೆದು ತಿಳಿಸಬೇಕು. ನಿಮ್ಮ ಉತ್ತರ ಬರುವವರೆಗೆ ಅರಿವೆ ಬಿಚ್ಚುವುದಿಲ್ಲ. ಉತ್ತರ ತಡವಾದರೂ ನಡೆಯುತ್ತದೆ.

ನಿಮ್ಮ ಶಿಷ್ಯ,
ಕಾಡಯ್ಯ