ಪೇರಲಹಣ್ಣಿಗೆ ಹಾಲು ಸುರಿದವರು

ಪುಣೆ, ಡಿಸೆಂಬರ್ ೧೯೩೮

ಧಾರವಾಡದ ಅಕ್ಕನಿಗೆ ತಮ್ಮನ ನಮಸ್ಕಾರ.

ಮೊನ್ನೆ ಭಾನುವಾರ ನನ್ನ ಮನೆಯಲ್ಲೇ ನಿನ್ನ ಪೇರಲಹಣ್ಣಿನ ಸಿಹಿಗೆ ಅನ್ಯಾಯವಾಯಿತು. ಇಲ್ಲಿನ ಕನ್ನಡ ಕೂಟದವರು ಬಂದಿದ್ದರು. ಚಳಿಯಿತ್ತೆಂದು ನೀನು ಮಾಡುತ್ತಿದ್ದ ಹಾಗೆಯೇ ಹೋಳುಗಳನ್ನು ತುಪ್ಪದಲ್ಲಿ ಬಾಡಿಸಿ ಬೆಲ್ಲ, ಲವಂಗ, ಒಣಶುಂಠಿ ಹಾಕಿದೆ. ಅಪ್ಪ ಕೋರ್ಟಿನಿಂದ ಬಂದು ರುಮಾಲು ಬಿಚ್ಚಿಡುವಷ್ಟರಲ್ಲಿ ನೀನು ಬಿಸಿ ಬಟ್ಟಲು ಮುಂದಿಡುತ್ತಿದ್ದೆ. ಅದೇ ಪರಿಮಳ ಮನೆ ತುಂಬಿತು. ಇದು ನಮ್ಮ ಅಕ್ಕನ ಕೈಯ ಸಿಹಿ ಎಂದು ಅವರಿಗೆ ಹೇಳಿ, ಪಾತ್ರೆಯನ್ನು ಪಡಸಾಲೆಯ ಒಲೆಯ ಮೇಲೆಯೇ ಬಿಟ್ಟು ನಾನು ದೊನ್ನೆ ತರಲು ಒಳಗೆ ಹೋದೆ. ಅಷ್ಟರಲ್ಲಿ ಕೂಟದ ಕಾರ್ಯದರ್ಶಿ ಗೂಳಪ್ಪನವರು ಕುದಿಯುವ ಪಾತ್ರೆಗೆ ಚಹಾದ ಹಾಲನ್ನೆಲ್ಲ ಸುರಿದುಬಿಟ್ಟರು. ಬಾಳೆಹಣ್ಣಿಗೆ ಹಾಲು ಕಲಸಿ ತಿನ್ನುವ ಈ ಊರಿನ ರೂಢಿ ಅವರಿಗೆ ಅಂಟಿದೆ. ಹಾಲು ಒಡೆಯಿತು.

“ಏನ್ರಿ, ಧಾರವಾಡದ ಸಿಹಿ ಅಂದ್ರ ಹಿಂಗ ಒಡೀತದೇನು?” ಎಂದರು.

“ಹಾಲು ಹಾಕಿದವರು ಯಾರ್ರಿ?” ಎಂದೆ.

“ಪುಣೇದಾಗ ಹಾಲಿಲ್ಲದ ಹಣ್ಣು ಯಾರ್ ತಿಂತಾರ್ರಿ? ನಿಮ್ಮ ಅಕ್ಕಗ ಹೇಳ್ರಿ, ಕಲ್ಕೊಳ್ಳಲಿ!”

ಎಲ್ಲರೂ ನಕ್ಕರು. ಅವರು ಹೋದ ಮೇಲೆ ಉಳಿದ ಹಣ್ಣಿನಲ್ಲಿ ಮತ್ತೆ ಮಾಡಿ ಒಬ್ಬನೇ ತಿಂದೆ. ರುಚಿ ನಿನ್ನದೇ. ಅಪ್ಪ ಬಟ್ಟಲಿನ ತಳ ಕೆರೆಯುವ ಸದ್ದು ಮಾತ್ರ ಇರಲಿಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ, ಚಿಂತೆ ಬೇಡ. ಈ ಅನ್ಯಾಯವನ್ನು ಟಪಾಲಿನವರೂ ಓದಲಿ ಎಂದೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದೆ. ಜಾಗ ಮುಗಿಯಿತು.

ನಿನ್ನ ಸಂಗನಬಸಪ್ಪ

ಅಂಚಿನಲ್ಲಿ ಇಷ್ಟು: ಸಂಕ್ರಾಂತಿಯ ಸಭೆಯಲ್ಲಿ ಗೂಳಪ್ಪನವರನ್ನು ಕೇಳಿಯೇ ಕೇಳುತ್ತೇನೆ. ಒಡೆದದ್ದು ನನ್ನ ಅಕ್ಕನ ಸಿಹಿಯೋ, ಅವರು ಸುರಿದ ಹಾಲೋ? ಎದ್ದು ನಿಂತು ಎಲ್ಲರೆದುರು ಹೇಳಲಿ.