ಬಿಸಿಲೆಯಲ್ಲಿ ದಪ್ಪಗಾದ ಮೀಸೆ

ಮುದ್ದಿನ ಸೋದರಸೊಸೆ ಪೂಜಿತಾ,

ಬಿಸಿಲೆ ಕಾಡಿನ ಹುಲಿಗಳೆಲ್ಲ ನಿನ್ನ ಮಾವನನ್ನು ಕಂಡು ದಾರಿ ಬಿಟ್ಟು ನಿಂತವು. ಹುಲ್ಲುಗುಡ್ಡ ಹತ್ತಿ, ಕಾಡೊಳಗೆ ಇಳಿದು, ಹೊರಟ ಜಾಗಕ್ಕೇ ಸುತ್ತಿ ಬಂದೆವು. ಒಂದು ಇಂಬಳವೂ ನನ್ನ ರಕ್ತ ಹೀರುವುದಿಲ್ಲವೆಂದು ದಾರಿ ತೋರಿಸಲು ಜೊತೆಗೆ ಬಂದ ಇಲ್ಲಿನ ಗುಂಡಯ್ಯನ ಹತ್ತಿರ ಬಾಜಿ ಕಟ್ಟಿ, ಕಾಲಿಗೆಲ್ಲ ನಶ್ಯ ಬಳಿದುಕೊಂಡಿದ್ದೆ. ದಾರಿಯಲ್ಲಿ ಹಳ್ಳಕ್ಕೆ ಬಾಯಿಟ್ಟು ನೀರು ಕುಡಿದೆ. ಕೊನೆಗೆ ಕಾಲು ತೋರಿಸಿ, ಗೆದ್ದೆನೆಂದು ಮೀಸೆ ತಿರುವಲು ಹೋದರೆ ಗುಂಡಯ್ಯ, "ತಡಿ ಮಾರಾಯ, ನಿನ್ ಮೀಸೆ ಒಂದ್ಕಡೆ ಯಾಕಿಂಗೆ ದಪ್ಪಾಗೈತೆ?" ಅಂದ. ಇಂಬಳ ಅಲ್ಲಿ ಹೊಟ್ಟೆ ತುಂಬಿ ಜೋತಾಡುತ್ತಿತ್ತು! ಅವನೇ ಸುಣ್ಣ ಮುಟ್ಟಿಸಿ ಉದುರಿಸಿದ. ಆರೋಗ್ಯವಾಗಿದ್ದೇನೆ, ತುಟಿ ಮಾತ್ರ ಊದಿದೆ. ಬಸ್ಸು ಬಂತು.

ನಿನ್ನ ಮಾವ ನಂಜುಂಡ

ಸೋತದ್ದು ನೂರು ರೂಪಾಯಿ ಎಂದು ನಿಮ್ಮತ್ತೆಗೆ ಹೇಳು. ಈ ಕಾರ್ಡು ಮಾತ್ರ ಅವಳ ಕೈಗೆ ಸಿಗಬಾರದು. ನಿಜಕ್ಕೂ ಹೋದದ್ದು ಐನೂರು.