ಅನ್ನದ ಬಟ್ಟಲಿಗಿಂತ ಮೊದಲು ನೀವು ಮಾತಾಡಿ

ಹೌದು, ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಯಾರ ಕುರಿಯೂ ಮೇಯುವುದಿಲ್ಲ. ಒಪ್ಪಿದೆ, ಮಾನ್ಯ ಪ್ರಾಂತೀಯ ಹವಾಮಾನ ಕಚೇರಿಯ ಮುಖ್ಯಸ್ಥರೇ. ಕಳೆದ ಚಳಿಗಾಲ ಕುರಿಗಾಹಿಗಳ ಚಾಟ್ ಗುಂಪಿನಲ್ಲಿ ನಾನು ಧ್ರುವದ ಮೇಲಿನ ಗಾಳಿಯ ನಕ್ಷೆ ಹಾಕಿದಾಗ ನೀವು ಕೊಟ್ಟ ಉತ್ತರ ಅದು. ಜೊತೆಗೆ, ಕಣ್ಣಲ್ಲಿ ನೀರು ಬರುವಂತೆ ನಗುವ ಒಂದು ಹಳದಿ ಮುಖ. ಗುಂಪಿನವರೆಲ್ಲ ನಕ್ಕರು. ಕೆಲವೇ ವಾರಗಳಲ್ಲಿ ನನ್ನ ಡುಲ್ಮಾ ಅತ್ತೆ ಚಳಿಗೆ ಸತ್ತರು. ಈ ವರ್ಷವೂ ಧ್ರುವದ ಮೇಲಿನ ಗಾಳಿ ಕಳೆದ ಸಲದಂತೆಯೇ ಮುರಿದಿದೆ, ಈ ವರ್ಷವೂ ನಿಮ್ಮ ಕಚೇರಿ ಬಾಯಿ ಬಿಟ್ಟಿಲ್ಲ. ಗುಂಪಿನಿಂದ ನನ್ನನ್ನು ಹೊರಗೆ ಹಾಕಿರುವುದರಿಂದ ಊರಿಗೆಲ್ಲ ಕಾಣುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಹವಾಮಾನ ಓದಿದವಳಲ್ಲ. ಪ್ರಾಂತ್ಯದ ಪೇಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ. ನನ್ನ ವಯಸ್ಸಿನವರಿಗೆ ಕುಸ್ತಿಪಟುಗಳ ಹುಚ್ಚು, ಹಾಡುಗಾರರ ಹುಚ್ಚು. ನನಗೆ ಧ್ರುವದ ಸುಳಿಗಾಳಿಯ ಹುಚ್ಚು. ಅದರದ್ದೇ ಒಂದು ಚಾಟ್ ಗುಂಪಿದೆ. ಫಿನ್‌ಲ್ಯಾಂಡಿನ ಬಸ್ ಚಾಲಕ, ಜಪಾನಿನ ಶಾಲಾ ಮಾಸ್ತರು, ಮಂಗೋಲರ ನಾಡಿನ ನಾನು, ಹೀಗೆ ಕೆಲಸವಿಲ್ಲದವರು ಅಂತ ನೀವು ಕರೆಯುವಂಥ ಜನ. ನಾವು ದಿನಾ ನೋಡುವುದು ಒಂದೇ ವಿಷಯ. ಚಳಿಗಾಲವಿಡೀ ಧ್ರುವದ ನೆತ್ತಿಯ ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತಿರುತ್ತದೆ, ದೊಡ್ಡಿಯ ಬೇಲಿಯ ಹಾಗೆ. ಒಳಗೆ ಕಡುಚಳಿ ಕೂತಿರುತ್ತದೆ. ಕೆಲವು ವರ್ಷ ಆ ಎತ್ತರದಲ್ಲಿ ಇದ್ದಕ್ಕಿದ್ದಂತೆ ಬಿಸಿಯೇರಿ, ಗಾಳಿ ತಿರುಗುಮುರುಗಾಗಿ, ಬೇಲಿ ಮುರಿಯುತ್ತದೆ. ಅದಾದ ಎರಡು ಮೂರು ವಾರಕ್ಕೆ ಚಳಿ ನಮ್ಮಂಥವರ ಬಾಗಿಲಿಗೆ ಬರುವ ಸಂಭವ ಹೆಚ್ಚು. ಖಂಡಿತ ಅಲ್ಲ, ಸಂಭವ. ಇದನ್ನು ನಿಮಗೆ ನಾನು ಹೇಳಿಕೊಡಬೇಕೇ?

ಕಣಿವೆಯಲ್ಲಿ ಕುರಿ ಸಾಕುವ ಗೊಂಚಿಗ್ ಮಾವನಿಗೆ, ಡುಲ್ಮಾ ಅತ್ತೆಯ ಗಂಡನಿಗೆ, ಕಳೆದ ಚಳಿಗಾಲ ಫೋನಿನಲ್ಲಿ ಇದನ್ನೇ ಹೇಳಿದ್ದೆ.

"ಮೇಲೆ ಬಿಸಿ ಆದ್ರೆ ಕೆಳಗೆ ಚಳಿ ಆಗೋದಾ? ಪೇಟೇಲಿ ಒಲೆ ತಲೆಕೆಳಗಾಗಿ ಉರಿಯುತ್ತೇನೇ ಮಗಳೇ?"

"ಮಾವ, ದೊಡ್ಡಿ ಬೇಲಿ ಮುರಿದ್ರೆ ಏನಾಗುತ್ತೆ?"

"ಕುರಿ ಆಚೆ ಬರ್ತವೆ."

"ಚಳೀನೂ ಅಷ್ಟೇ."

"ಯಾವ ಕಡೆ ಬರುತ್ತೆ?"

"ಅದು ಈಗ್ಲೇ ಗೊತ್ತಾಗಲ್ಲ."

"ನೋಡಿದ್ಯಾ? ಅರ್ಧ ಬೆಂದ ಜ್ಯೋತಿಷ್ಯ!" ಅಂತ ಮಾವ ನಕ್ಕರು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಅವಳನ್ನ ಗೋಳು ಹೊಯ್ಕೋಬೇಡಿ. ಖುಲಾನ್, ಊಟ ಮಾಡಿದ್ಯೇನೇ?"

ನಮ್ಮ ಮಂಗೋಲರ ಚಳಿಗಾಲಕ್ಕೆ ಒಂಬತ್ತು ಒಂಬತ್ತುಗಳು. ಒಂಬತ್ತು ದಿನಕ್ಕೆ ಒಂದೊಂದು, ಒಂದೊಂದಕ್ಕೂ ಒಂದು ಮಾತು. ಮೂರನೆಯದರಲ್ಲಿ ಎತ್ತಿನ ಕೊಂಬು ಹೆಪ್ಪುಗಟ್ಟುತ್ತದೆ. ಐದನೆಯದರಲ್ಲಿ ಬೇಯಿಸಿದ ಅನ್ನ ಹೆಪ್ಪುಗಟ್ಟುವುದಿಲ್ಲ. ನಮ್ಮ ಕಣಿವೆಯವರು ಇದನ್ನು ಬರೀ ಮಾತಾಗಿ ಬಿಟ್ಟವರಲ್ಲ. ಐದನೇ ಒಂಬತ್ತು ಬಂದಾಗ ಗುಡಾರದ ಹೊರಗೆ ಒಂದು ಬಟ್ಟಲು ಅನ್ನ ಇಡುತ್ತಾರೆ. ಬೆಳಿಗ್ಗೆ ಚಮಚ ಇಳಿದರೆ ಚಳಿಯ ಬೆನ್ನು ಮುರಿಯಿತೆಂದು ಅರ್ಥ. ಗುಡ್ಡದ ಮರೆಯ ಚಳಿಗಾಲದ ಬೀಡಿನಿಂದ ನದಿಯ ಬಯಲಿಗೆ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಗುಡ್ಡದ ಹುಲ್ಲೆಲ್ಲ ತೀರಿರುತ್ತದೆ.

ಕಳೆದ ವರ್ಷ ಚಮಚ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅವತ್ತೇ ನಿಮ್ಮ ಕಚೇರಿಯ ಪ್ರಕಟಣೆ ರೇಡಿಯೋದಲ್ಲಿ ಬಂತು: ಐದನೇ ಒಂಬತ್ತು ಸೌಮ್ಯವಾಗಿದೆ, ನಾಡಿನ ಹಿರಿಯರ ಮಾತು ಸುಳ್ಳಾಗಿಲ್ಲ, ಶುಭವಾಗಲಿ. ಹವಾಮಾನ ಕಚೇರಿಯೋ, ಮದುವೆ ಮನೆಯೋ? ನಾನು ಮತ್ತೆ ಫೋನ್ ಮಾಡಿ, "ಮಾವ, ಎರಡು ವಾರ ತಡೀರಿ" ಅಂತ ಅಂಗಲಾಚಿದೆ.

"ಕೆಟ್ಟ ಬಾಯಿ ತೆಗೀಬೇಡ ಮಗಳೇ. ಆಡಿದ ಮಾತು ಚಳೀನ ಕರೆಯುತ್ತೆ. ಬಟ್ಟಲೂ ಹೇಳ್ತು, ರೇಡಿಯೋನೂ ಹೇಳ್ತು. ಇನ್ಯಾರು ಹೇಳ್ಬೇಕು?"

ಮಾವ ಹೊರಟರು. ಬಯಲಿನ ಹಿಮದ ಮೇಲ್ಪದರ ಕರಗಿ ನೀರಾಗಿತ್ತು. ಆಮೇಲೆ ಉತ್ತರದ ಗಾಳಿ ಬಂತು. ಕರಗಿದ್ದೆಲ್ಲ ಕಬ್ಬಿಣದಂತೆ ಗಟ್ಟಿಯಾಗಿ, ಹುಲ್ಲು ಗಾಜಿನ ಕೆಳಗೆ ಸಿಕ್ಕಿಕೊಂಡಿತು. ಹಸಿದ ಕುರಿ ಬಿರುಗಾಳಿಯಲ್ಲಿ ನಿಲ್ಲುವುದಿಲ್ಲ, ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತದೆ. ಗುಡ್ಡದಲ್ಲಾಗಿದ್ದರೆ ದೊಡ್ಡಿಯ ಗೋಡೆ ಇತ್ತು, ಕಾಲಡಿಗೆ ಒಣಗಿದ ಹಿಕ್ಕೆಯ ಬೆಚ್ಚನೆ ಹಾಸು ಇತ್ತು. ಬಯಲಲ್ಲಿ ಏನಿದೆ? ಮಾವ ಗುಡಾರ ಹಾರಿಹೋಗದಂತೆ ಹಗ್ಗ ಬಿಗಿಯುತ್ತಿದ್ದರು. ಅತ್ತೆ ಹಿಂಡನ್ನು ತಿರುಗಿಸಿ ತರುತ್ತೇನೆಂದು ಹೋದರು. ಗಾಳಿ ನಿಂತ ಮೇಲೆ ನಾಯಿ ದಾರಿ ತೋರಿಸಿತು. ಒಂದು ಕೊರಕಲಿನಲ್ಲಿ ಕುರಿಗಳು ಒಂದರ ಮೇಲೊಂದು ಬಿದ್ದಿದ್ದವು. ಅತ್ತೆ ಅವುಗಳಿಗೆ ಒರಗಿ ಕೂತಿದ್ದರು, ಸುಸ್ತಾಗಿ ಒಂದು ಗಳಿಗೆ ಕೂತವರ ಹಾಗೆ.

ನಿಮ್ಮ ಕಚೇರಿ ಇದನ್ನು "ಅನಿರೀಕ್ಷಿತ ಶೀತ" ಎಂದು ಕರೆಯಿತು. ಯಾರಿಗೆ ಅನಿರೀಕ್ಷಿತ, ಮಾನ್ಯರೇ? ಫಿನ್‌ಲ್ಯಾಂಡಿನ ಬಸ್ ಚಾಲಕ ನಿರೀಕ್ಷಿಸಿದ್ದ. ಹೊಲಿಗೆ ಕಲಿಯುವ ಹುಡುಗಿ ನಿರೀಕ್ಷಿಸಿದ್ದಳು. ಆಕಾಶ ನೋಡುವುದೇ ಕೆಲಸವಾಗಿರುವ ಕಚೇರಿಗೆ ಮಾತ್ರ ಅದು ಹೇಳದೆ ಬಂದ ನೆಂಟ!

ಮೊನ್ನೆ ನಿಮ್ಮ ಕಚೇರಿಗೇ ಬಂದಿದ್ದೆ. "ಚಳಿ ಬರುತ್ತೆ ಅಂತ ಹೇಳಿ, ಅದು ಬರದಿದ್ದರೆ ಉತ್ತರ ಕೊಡೋರು ಯಾರಮ್ಮ? ಜನರನ್ನ ಹೆದರಿಸಬಾರದು. ಅಶುಭ ನುಡೀಬಾರದು" ಅಂದಿರಿ. ಸರಿ, ತೂಗಿ ನೋಡೋಣ. ನೀವು ಹೇಳಿ ಚಳಿ ಬರದೇ ಹೋದರೆ ಒಂದಿಷ್ಟು ಹುಲ್ಲು ಹೆಚ್ಚು ಖರ್ಚಾಗುತ್ತದೆ, ಗುಂಪಿನಲ್ಲಿ ನಿಮ್ಮನ್ನು ನೋಡಿ ನಾಲ್ಕು ಜನ ನಗುತ್ತಾರೆ. ನಗೆಪಾಟಲಾಗಿಯೂ ಬದುಕಬಹುದು, ನಾನು ಬದುಕಿದ್ದೇನಲ್ಲ. ನೀವು ಹೇಳದೆ ಚಳಿ ಬಂದರೆ ಏನಾಗುತ್ತದೆ ಅಂತ ಆ ಕೊರಕಲಿನಲ್ಲಿ ನೋಡಿದ್ದೇವೆ. ಕೆಟ್ಟ ಮಾತಿಗೆ ಹೆದರಲು ನನ್ನ ಮಾವನಿಗೆ ಹಕ್ಕಿದೆ, ಅದು ಅವರಿಗೆ ಹಿರಿಯರಿಂದ ಬಂದದ್ದು. ಮುನ್ಸೂಚನೆ ಕೊಡಲೆಂದೇ ಕುರ್ಚಿ ಹಾಕಿಸಿಕೊಂಡ ನಿಮಗೆ ಆ ಹಕ್ಕು ಎಲ್ಲಿಂದ ಬಂತು?

ಮಾವ ಈಗ ನಗುವುದಿಲ್ಲ. "ಬಟ್ಟಲು ಸುಳ್ಳು ಹೇಳ್ಲಿಲ್ಲ ಮಗಳೇ" ಅಂದರು ನಿನ್ನೆ. "ಅವತ್ತಿನ ಚಳಿ ಕೇಳಿದ್ವಿ, ಅವತ್ತಿಂದು ಹೇಳ್ತು. ನಾಳೆದನ್ನ ಕೇಳಬೇಕಾಗಿದ್ದು ಬೇರೆಯವರನ್ನ." ಪಕ್ಕದ ಬೀಡಿನ ಯಾದಮ್‌ಗೂ ಹೇಳಿ ನೋಡಿದರಂತೆ. ಯಾದಮ್‌ಗೆ ಇಬ್ಬರು ಚಿಕ್ಕ ಮಕ್ಕಳು, ಹುಲ್ಲು ತಳ ಕಂಡಿದೆ. "ಗೊಂಚಿಗಣ್ಣ, ನಿಮ್ಮ ದುಃಖ ಮಾತಾಡ್ತಿದೆ. ರೇಡಿಯೋದಲ್ಲಿ ಹೇಳ್ಲಿ, ನಿಲ್ತೀನಿ" ಅಂದನಂತೆ. ಮಾವನ ಮಾತು ಕಣಿವೆಯಲ್ಲಿ ನಡೆಯುವುದಿಲ್ಲ, ನನ್ನದಂತೂ ಮೊದಲೇ ಕೆಟ್ಟ ಬಾಯಿ. ನಡೆಯುವುದು ನಿಮ್ಮ ಮಾತು ಮಾತ್ರ. ಅದೇ ನನಗೆ ಹೊಟ್ಟೆ ಉರಿ.

ನಾನು ಕೇಳುವುದು ಇಷ್ಟೆ. ರೇಡಿಯೋದಲ್ಲಿ ನಾಳೆಯಿಂದ ದಿನಾ ಹೇಳಿ: ಧ್ರುವದ ಮೇಲಿನ ಗಾಳಿ ಮುರಿದಿದೆ, ಕಡುಚಳಿ ಮರಳಿ ಬರಬಹುದು, ಬಾರದೆಯೂ ಇರಬಹುದು, ಬಟ್ಟಲಿನ ಅನ್ನ ಮೆತ್ತಗಿದ್ದರೂ ನಾವು ಹೇಳುವವರೆಗೆ ಗುಡ್ಡದ ಬೀಡಿನಿಂದ ಹೊರಡಬೇಡಿ. ಹಾಗೆ ಹೇಳಿದ ಮೇಲೆ ಸರ್ಕಾರಿ ಉಗ್ರಾಣದ ಹುಲ್ಲನ್ನು ಕಣಿವೆಗಳಿಗೆ ಕಳಿಸಲು ಪ್ರಾಂತ್ಯದ ಅಧಿಕಾರಿಗಳನ್ನು ಒತ್ತಾಯಿಸಿ. ಹಸಿದ ಹಿಂಡು ಬರೀ ಮಾತಿಗೆ ನಿಲ್ಲುವುದಿಲ್ಲ.

ಐದನೇ ಒಂಬತ್ತು ಮುಂದಿನ ವಾರ. ಯಾದಮ್‌ನ ಹೆಂಡತಿ ಅಕ್ಕಿ ತೆಗೆದಿಟ್ಟಿದ್ದಾಳೆ. ಅವಳು ಆ ಬಟ್ಟಲನ್ನು ಹೊರಗಿಡುವ ಮೊದಲು ನೀವು ಮಾತಾಡುತ್ತೀರಾ, ಇಲ್ಲ ಈ ಸಲವೂ ಒಂದು ನಗುವ ಮುಖ ಕಳಿಸಿ ಸುಮ್ಮನಾಗುತ್ತೀರಾ?

ಇಂತಿ,
ಈ ಸಲವಾದರೂ ತನ್ನ ಮಾತು ಸುಳ್ಳಾಗಲೆಂದು ಹಾರೈಸುವ
ಕೆಟ್ಟ ಬಾಯಿಯ ಖುಲಾನ್